ನಾಮ್ ಸಾಗೊ ಬರೆಯದ ಕಾಲಜ್ಞಾನ

ಒಂದೇ ಒಂದು ಪದ ನನ್ನನ್ನು ವಾರದಿಂದ ಕಾಡುತ್ತಿದೆ: ‘ಚೊಲ್‌ಹಾಕ್’. ಕೊರಿಯನ್ ಭಾಷೆಯಲ್ಲಿ ತತ್ತ್ವಶಾಸ್ತ್ರ ಎಂದರ್ಥ. ಯುರೋಪಿನ ‘ಫಿಲಾಸಫಿ’ಗೆ ಸರಿಸಾಟಿ ಪದ ಬೇಕೆಂದು ಜಪಾನಿನ ನಿಶಿ ಅಮಾನೆ ಎರಡು ಚೀನೀ ಅಕ್ಷರಗಳನ್ನು ಜೋಡಿಸಿ ಟಂಕಿಸಿದ ಪದವಿದು, ಹತ್ತೊಂಬತ್ತನೆಯ ಶತಮಾನದ್ದು. ಅದು ‘ಗ್ಯೊಗಮ್ ಯುರೊಕ್’ ಎಂಬ ಕಾಲಜ್ಞಾನದ ಪುಸ್ತಕದಲ್ಲಿದೆ. ಪುಸ್ತಕದ ಕರ್ತೃ ಎನ್ನಲಾಗುವ ನಾಮ್ ಸಾಗೊ ತೀರಿಕೊಂಡದ್ದು 1571ರಲ್ಲಿ!

ನಾಮ್ ಸಾಗೊ ಕಟ್ಟುಕಥೆಯ ಮನುಷ್ಯರಲ್ಲ. ಪೂರ್ವ ಕರಾವಳಿಯ ಉಲ್ಜಿನ್‌ನವರು, ಜೋಸನ್ ಅರಸರ ಕಾಲದಲ್ಲಿ ಖಗೋಳ ಕಲಿಸುತ್ತಿದ್ದ ವಿದ್ವಾಂಸರು. ‘ಗ್ಯೊಗಮ್’ ಅವರ ಕಾವ್ಯನಾಮ. ಅವರದೆನ್ನುವ ಈ ಪುಸ್ತಕದ ಹಳೆಯ ಮೂಲ ಪ್ರತಿ ಎಲ್ಲೂ ಇಲ್ಲ. ಇರುವುದು 1977ರಲ್ಲಿ ಕೊರಿಯಾದ ರಾಷ್ಟ್ರೀಯ ಗ್ರಂಥಾಲಯ ಸೇರಿದ ಒಂದು ಕೈಬರಹದ ಪ್ರತಿ. ಅದರಲ್ಲಿ ಕಮ್ಯುನಿಸಂ, ಪರಮಾಣು ಇವುಗಳಿಗೆ ಇಂದು ಬಳಸುವ ಪದಗಳೂ ಇವೆ. ಬೈಬಲ್‌ನ ಸಾಲುಗಳನ್ನು ಹೋಲುವ ಭಾಗಗಳಿವೆ. ಕೊರಿಯನ್ ಭಾಷೆಯಲ್ಲಿ ಹೊಸ ಒಡಂಬಡಿಕೆ ಪೂರ್ತಿಯಾಗಿ ಅಚ್ಚಾದದ್ದೇ 1887ರಲ್ಲಿ. ದೇಶ ಇಬ್ಭಾಗವಾಗುವುದನ್ನು ನಾಮ್ ಸಾಗೊ ನಾಲ್ಕು ಶತಮಾನ ಮೊದಲೇ ಕಂಡಿದ್ದರು ಎಂದು ನಂಬುವವರು ‘ಚೊಲ್‌ಹಾಕ್’ ಎಂಬ ಒಂದು ಪದಕ್ಕೆ ಏನು ಉತ್ತರ ಕೊಡುತ್ತಾರೆ?

ಪುಸ್ತಕದ ಕಸುಬೆಲ್ಲ ಅಕ್ಷರ ಒಡೆಯುವುದರಲ್ಲಿದೆ. ಚೀನೀ ಲಿಪಿಯ ಒಂದು ಅಕ್ಷರವನ್ನು ಬಿಡಿಸಿ, ತುಂಡುಗಳನ್ನು ಒಗಟಿನಂತೆ ಹರಡುತ್ತಾರೆ. ಜೋಡಿಸಿಕೊಳ್ಳುವವನಿಗೆ ತನಗೆ ಬೇಕಾದ ಹೆಸರು ಸಿಗುತ್ತದೆ. ಕೆಲವು ಹೊಸ ಧಾರ್ಮಿಕ ಪಂಥಗಳಿಗೆ ತಮ್ಮ ಗುರುವೇ ಅಲ್ಲಿ ಕಂಡಿದ್ದಾರೆ.

ಈ ವಿದ್ಯೆ ಕೊರಿಯಾದಲ್ಲಿ ಹಳೆಯದು, ಅದಕ್ಕೆ ರಕ್ತದ ಕಲೆಯೂ ಇದೆ. 1519ರ ಕಥೆ ಕೇಳಿ. ಸುಧಾರಕ ಮಂತ್ರಿ ಜೋ ಗ್ವಾಂಗ್‌ಜೊ ಅವರನ್ನು ಕೆಡವಲು ವಿರೋಧಿಗಳು ಅರಮನೆಯ ತೋಟದ ಎಲೆಗಳ ಮೇಲೆ ಜೇನಿನಿಂದ ನಾಲ್ಕು ಅಕ್ಷರ ಬರೆದರಂತೆ. ಹುಳುಗಳು ಸಿಹಿಯಿದ್ದಷ್ಟೇ ತಿಂದವು. ಎಲೆಯಲ್ಲಿ ತೂತಾಗಿ ಮೂಡಿದ ಮೊದಲೆರಡು ಅಕ್ಷರ ಕೂಡಿಸಿದರೆ ‘ಜೋ’. ಒಟ್ಟು ಓದಿದರೆ ‘ಜೋ ಅರಸನಾಗುತ್ತಾನೆ’. ಎಲೆಯ ಕಥೆ ನಿಜವೋ ಅಲ್ಲವೋ, ಜೋ ಗ್ವಾಂಗ್‌ಜೊ ಅದೇ ವರ್ಷ ಆಸ್ಥಾನದಿಂದ ಸುಧಾರಕರನ್ನು ಕಿತ್ತೊಗೆದಾಗ ಗಡೀಪಾರಾಗಿ, ಅರಸನ ಆಜ್ಞೆಯಂತೆ ವಿಷ ಕುಡಿದು ಸತ್ತದ್ದು ನಿಜ. ಆಗ ನಾಮ್ ಸಾಗೊ ಹತ್ತು ವರ್ಷದ ಹುಡುಗ.

ಪುಸ್ತಕವನ್ನು ಸುಡಿ ಎಂದು ನಾನು ಹೇಳುತ್ತಿಲ್ಲ. ಪರಾಧೀನತೆ, ಯುದ್ಧ, ವಿಭಜನೆ ಎಲ್ಲವನ್ನೂ ಒಂದೇ ಶತಮಾನದಲ್ಲಿ ಉಂಡ ಜನ ಎಂಥ ರಕ್ಷಕನಿಗಾಗಿ ಕಾದರು ಎಂಬುದು ಅದರ ಪುಟಪುಟದಲ್ಲಿದೆ. ಅದನ್ನು ಇಪ್ಪತ್ತನೆಯ ಶತಮಾನದ ಬರಹವೆಂದೇ ಓದೋಣ. ಮುಖಪುಟದಿಂದ ಆ ಖಗೋಳದ ಮೇಷ್ಟರ ಹೆಸರನ್ನು ಮಾತ್ರ ತೆಗೆದುಬಿಡಿ.