ಶಾಲೆಯ ಹೌಸ್‌ಗಳ ಬಗ್ಗೆ ಒಂದು ಸ್ಪಷ್ಟನೆ

‘ಕ್ರಿಶ್ಚಿಯನ್ ಶಾಲೆಯಲ್ಲಿ ಸಂತರ ಹೆಸರಿನ ಹೌಸ್‌ಗೆ ಕ್ರೈಸ್ತ ಮಕ್ಕಳನ್ನು ಮಾತ್ರ ಹಾಕುತ್ತಾರೆ’ ಅನ್ನೋ ಮೆಸೇಜ್ ಪೋಷಕರ ಗುಂಪುಗಳಲ್ಲಿ ಓಡಾಡುತ್ತಿದೆ. (ಹೌಸ್ ಅಂದರೆ ಆಟ, ಸ್ಪರ್ಧೆಗಳಿಗಾಗಿ ಶಾಲೆಯ ಮಕ್ಕಳನ್ನು ಹಂಚಿ ಮಾಡುವ ತಂಡ.) ಇದು ತಪ್ಪು. ಮೊನ್ನೆ ನಾನೂ ಅದನ್ನು ವಿಚಾರಿಸದೆ ಸುಮ್ನೆ ಇಬ್ಬರಿಗೆ ಕಳಿಸಿದ್ದೆ. ಕ್ಷಮಿಸಿ.

ಹೌಸ್ ಪದ್ಧತಿ ಬಂದಿದ್ದು ಇಂಗ್ಲೆಂಡಿನ ವಸತಿ ಶಾಲೆಗಳಿಂದ. ಅಲ್ಲಿ ಹೌಸ್ ಅಂದರೆ ಮಕ್ಕಳು ನಿಜವಾಗಿಯೂ ಉಳಿದುಕೊಳ್ಳುತ್ತಿದ್ದ ಮನೆ. ಒಂದು ಮನೆಯವರಿಗೂ ಇನ್ನೊಂದು ಮನೆಯವರಿಗೂ ಪಂದ್ಯ ನಡೆಯುತ್ತಿತ್ತು. ಆಮೇಲೆ ಬೇರೆ ಶಾಲೆಗಳೂ ಇದನ್ನು ತೆಗೆದುಕೊಂಡವು. ಕ್ಸೇವಿಯರ್ ಹೌಸ್ ಅನ್ನೋದು 1552ರಲ್ಲಿ ತೀರಿಕೊಂಡ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ನೆನಪಿಗೆ ಇಟ್ಟ ಹೆಸರು. ಸೇರುವವರಿಗೆ ಅದು ಷರತ್ತಲ್ಲ.

ನನ್ನ ಮಗಳ ಶಾಲೆಯ ಹೌಸ್ ಪಟ್ಟಿಯನ್ನು ನಾನೇ ಹೋಗಿ ನೋಡಿದೆ. ನಾಲ್ಕರಲ್ಲೂ ಎಲ್ಲ ಧರ್ಮದ ಮಕ್ಕಳಿದ್ದಾರೆ. ಅಕ್ಕ ತಂಗಿಯರು ಒಂದೇ ಹೌಸ್‌ನಲ್ಲಿದ್ದಾರೆ, ಅಷ್ಟೇ. ಕಳೆದ ವಾರದ ರಿಲೇಯಲ್ಲಿ ಒಬ್ಬ ಹುಡುಗಿಯ ಕೈಯಿಂದ ಬ್ಯಾಟನ್ ಜಾರಿತು. ಅವಳು ಅಳುತ್ತಾ ಕೂತಾಗ ನೀಲಿ ಟೀ ಶರ್ಟಿನ ಮೂವರು ಓಡಿ ಬಂದು ಹೆಗಲು ಹಿಡಿದರು. ಮೂವರೂ ಬೇರೆ ಬೇರೆ ಧರ್ಮದ ಮನೆಯವರು. ಇದೇ ಅಲ್ವಾ ನಾವು ನೋಡಬೇಕಾದದ್ದು?

ದಯವಿಟ್ಟು ಆ ಮೆಸೇಜನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.