ಯಾರ್ಕ್‌ನ ಚಾಕೊಲೇಟ್ ಮನೆತನ, ಕೊಡಗಿನ ಲೈನ್ ಮನೆ

ಇಂಗ್ಲೆಂಡಿನ ಯಾರ್ಕ್‌ನಲ್ಲಿ ಅಸಮಾನತೆ, ಸಾಮಾಜಿಕ ನ್ಯಾಯ ಅಂತ ಓದುತ್ತಿದ್ದೇನೆ. ಇಲ್ಲಿ ಮೊದಲ ಪಾಠವೇ ಈ ಊರಿನದು. ಕೊಡಗಿನಲ್ಲಿ ಬೆಳೆದ ನನಗೆ, ನಮ್ಮಲ್ಲಿ ಕಲಿಸುವುದಕ್ಕೂ ಇಲ್ಲಿ ಕಲಿಸುವುದಕ್ಕೂ ಎದ್ದು ಕಂಡ ವ್ಯತ್ಯಾಸ ಇದೇ.

ಸೀಬಾಮ್ ರೌಂಟ್ರಿ ಇಲ್ಲಿನ ಚಾಕೊಲೇಟ್ ಕಾರ್ಖಾನೆಯ ಮಾಲೀಕರ ಮಗ. 1899ರಲ್ಲಿ ಅವರು ಯಾರ್ಕ್‌ನ ಕೂಲಿಕಾರರ ಕೇರಿಗಳಿಗೆ ಜನ ಕಳಿಸಿ 11,560 ಕುಟುಂಬಗಳ ವಿವರ ಬರೆಸಿದರು. ಸಂಬಳ ಎಷ್ಟು, ಬಾಡಿಗೆ ಎಷ್ಟು, ಒಂದು ನಲ್ಲಿಗೆ ಎಷ್ಟು ಮನೆ, ಹೀಗೆ. ಊರಿನ ಶೇಕಡಾ 28ರಷ್ಟು ಜನ ಬಡತನದಲ್ಲಿದ್ದರು. ರೌಂಟ್ರಿ ಎಳೆದ ಬಡತನದ ಗೆರೆ ಎಷ್ಟು ಬಿಗಿ ಅಂದರೆ, ಆ ಗೆರೆಯ ಮೇಲೆ ಬದುಕುವವರು ಪೇಪರ್ ಕೊಳ್ಳುವಂತಿಲ್ಲ, ಗಾಡಿ ಹತ್ತುವಂತಿಲ್ಲ. ಬೇರೆ ಊರಲ್ಲಿರುವ ಮಕ್ಕಳಿಗೆ ಕಾಗದ ಹಾಕುವಂತೆಯೂ ಇಲ್ಲ. ಅಂಚೆಗೆ ಕಾಸಿರುವುದಿಲ್ಲ! ಮಾಲೀಕರ ಮಗನೇ ಇದನ್ನೆಲ್ಲ ಬರೆದು 1901ರಲ್ಲಿ ಅಚ್ಚು ಹಾಕಿಸಿದರು. ಇದನ್ನು ಓದುವಾಗಲೆಲ್ಲ ನನಗೆ ನಮ್ಮ ತೋಟಗಳು ನೆನಪಾಗುತ್ತವೆ.

ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಡಗಿನದು. ತೋಟದಲ್ಲಿ ದುಡಿಯುವವರಲ್ಲಿ ಆದಿವಾಸಿಗಳಾದ ಯರವರಿದ್ದಾರೆ, ಜೇನುಕುರುಬರಿದ್ದಾರೆ, ಈಗೀಗ ಅಸ್ಸಾಂ ಕಡೆಯವರೂ ಇದ್ದಾರೆ. ಇವರಿಗೆ ತೋಟದಲ್ಲೇ ಕೊಡುವ ಲೈನ್ ಮನೆ ಅಂದರೆ ಒಂದೇ ಮಾಡಿನ ಕೆಳಗೆ ಸಾಲು ಬಾಗಿಲು, ಬಾಗಿಲಿಗೊಂದು ಕೋಣೆ, ಮೂಲೆಯಲ್ಲಿ ಒಲೆ, ಹೊಗೆ ಹಿಡಿದ ಗೋಡೆ. ಸಮಾಜಶಾಸ್ತ್ರ ಓದುವ ನಮ್ಮ ಮಕ್ಕಳಿಗೆ ಜಾತಿ, ವರ್ಗದ ವ್ಯಾಖ್ಯೆ ಬಾಯಿಪಾಠ. ಆ ಕೋಣೆಯೊಳಗೆ ಕೂತು ಮಾತಾಡಿದವರು ಮಾತ್ರ ಕಮ್ಮಿ. ಹೋಗ್ತೀನಿ ಅಂದರೆ ಮನೆಯ ಹಿರಿಯರು, "ಸುಮ್ನಿರು, ಕೆಲಸದವರಿಗೆ ಇಲ್ಲದ್ದೆಲ್ಲ ತಲೆಗೆ ಹತ್ತಿಸಬೇಡ" ಅಂತಾರೆ.

ಕೂಲಿಕಾರನ ಬದುಕಿನಲ್ಲಿ ಬಡತನ ಮೂರು ಸಲ ಹಿಂಡುತ್ತದೆ ಅಂತ ರೌಂಟ್ರಿ ತೋರಿಸಿದರು. ಚಿಕ್ಕವನಿದ್ದಾಗ, ತನ್ನ ಮಕ್ಕಳು ಚಿಕ್ಕವರಿದ್ದಾಗ, ಮುಪ್ಪಿನಲ್ಲಿ. ಲೈನ್ ಮನೆಯಲ್ಲಿ ಮುಪ್ಪು ಇನ್ನೂ ಕಷ್ಟ. ಕೈಲಾಗದೆ ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕಾಗುತ್ತದೆ. ಸ್ವಂತ ವಿಳಾಸ ಇಲ್ಲದವರಿಗೆ ರೇಷನ್ ಕಾರ್ಡ್ ಮಾಡಿಸುವುದೇ ಒಂದು ಪಾಡು. ಲೈನ್ ಮನೆ ಬಿಟ್ಟು ಕೊಡಗಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡವರನ್ನು 2016ರ ಡಿಸೆಂಬರ್‌ನಲ್ಲಿ ಒಕ್ಕಲೆಬ್ಬಿಸಿದರು. 500ಕ್ಕೂ ಹೆಚ್ಚು ಕುಟುಂಬಗಳು. ದೊಡ್ಡ ಹೋರಾಟ ಆದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಮನೆ ಸಿಕ್ಕಿತು. ಸಾಮಾಜಿಕ ನ್ಯಾಯಕ್ಕೆ ಇದಕ್ಕಿಂತ ಹತ್ತಿರದ ಪಾಠ ಎಲ್ಲಿದೆ?

ಇಂಗ್ಲಿಷರದ್ದೆಲ್ಲ ಸರಿ ಅಂತಲ್ಲ. ಜಾತಿಯ ವಿಷಯದಲ್ಲಿ ಇವರ ಪಾಠ ತೆಳು. ಸಮಾನತೆ ಕಾಯ್ದೆಯಲ್ಲಿ ಜಾತಿಯನ್ನು ಹೆಸರಿಸಿ ಸೇರಿಸುವ ವಿಚಾರವನ್ನು ಇಲ್ಲಿನ ಸರ್ಕಾರ 2018ರಲ್ಲಿ ಕೈಬಿಟ್ಟಿತು. ಆದರೆ ತಮ್ಮ ಊರಿನ ಬಡತನವನ್ನು ಎಣಿಸಿ, ಎದುರಿಗಿಟ್ಟುಕೊಂಡು ಮಾತಾಡಲು ಇವರಿಗೆ ಸಂಕೋಚ ಇಲ್ಲ. ಅಪ್ಪ ಏನು ಕೆಲಸ ಮಾಡ್ತಿದ್ರು, ಮನೆ ಸ್ವಂತದ್ದಾ ಬಾಡಿಗೆಯದ್ದಾ ಅಂತ ತರಗತಿಯಲ್ಲೇ ಮಾತು ಬರುತ್ತದೆ. ನಮ್ಮಲ್ಲಿ ಎಷ್ಟು ಎಕರೆ ಅಂತ ಕೇಳುತ್ತೇವೆ. ಎಷ್ಟು ಕೂಲಿ ಕೊಡ್ತೀರಿ ಅಂತ ಕೇಳುವುದಿಲ್ಲ.

ಕುಶಾಲನಗರದ ಹತ್ತಿರ ಚಿಕ್ಕ ಅಳುವಾರದಲ್ಲಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯಿತು. ಎರಡು ವರ್ಷದಲ್ಲೇ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಎದ್ದಿತು. ನನಗಂತೂ ಅದು ಉಳಿಯಲೇಬೇಕು ಅನಿಸುತ್ತದೆ. ಬಸವನಹಳ್ಳಿ, ಬ್ಯಾಡಗೊಟ್ಟ ಅಲ್ಲಿಂದ ಏನು ದೂರ? ಮೊದಲ ವರ್ಷದ ಮಕ್ಕಳೆಲ್ಲ, ತೋಟದ ಮಾಲೀಕರ ಮಕ್ಕಳೂ ಸೇರಿ, ಒಂದು ಕೊಯ್ಲಿನ ಕಾಲ ಪೂರ್ತಿ ಲೈನ್ ಮನೆಗಳ ಲೆಕ್ಕ ಬರೆಯಲಿ. ಕೂಲಿ, ಮುಂಗಡ ಸಾಲ, ನೀರು, ಕಕ್ಕಸು, ಮಕ್ಕಳು ಶಾಲೆ ಬಿಟ್ಟ ವಯಸ್ಸು. ಏನೇನು ಕೇಳಬೇಕು ಅಂತ ಪಟ್ಟಿ ಮಾಡುವ ಕೆಲಸ ಹಾಡಿಯಿಂದ, ಅಂದರೆ ಆದಿವಾಸಿಗಳ ಕೇರಿಯಿಂದ, ಬಂದ ವಿದ್ಯಾರ್ಥಿಗಳದ್ದಾಗಲಿ. ಬರೆದದ್ದನ್ನು ಮೊದಲು ಆ ಮನೆಗಳವರ ಮುಂದೆಯೇ, ಅವರ ಮಾತಿನಲ್ಲೇ ಓದಿ ಹೇಳಲಿ. ಆಮೇಲೆ ಮಡಿಕೇರಿಯಲ್ಲಿ ಎಲ್ಲರೆದುರು ಇಡಲಿ.