ಕೊಸರು ಕೇಳುವ ಅಂಗಡಿ

ಮೂವತ್ತು ರೂಪಾಯಿ ಹೋಯಿತು. ಮೂವತ್ತು ರೂಪಾಯಿಗೆ ಯಾರ ಮನೆಯೂ ಮುಳುಗುವುದಿಲ್ಲ, ಗೊತ್ತು. ಆದರೆ ಅದು ಹೋದ ರೀತಿ ಇದೆಯಲ್ಲ, ಮೂರು ದಿನದಿಂದ ಹಲ್ಲಿನ ಸಂದಿಗೆ ಸಿಕ್ಕ ಶೇಂಗಾ ಸಿಪ್ಪೆಯ ಹಾಗೆ ಕಾಡುತ್ತಿದೆ. ಮನೆಯಲ್ಲಿ ಹೇಳಿ ಹೇಳಿ ಬೈಸಿಕೊಂಡಾಯಿತು. ಈಗ ನಿಮ್ಮ ಸರದಿ.

ಮೊಮ್ಮಗಳು ಪುಣೆಯಿಂದ ರಜೆಗೆ ಬಂದಿದ್ದಾಳೆ. ಅವಳಿಗೆ ಅಜ್ಜಿ ಬಡಿದ ರೊಟ್ಟಿ, ಶೇಂಗಾ ಹಿಂಡಿ ಎರಡು ದಿನ ರುಚಿ. ಮೂರನೇ ದಿನ ಸ್ಯಾಂಡ್‌ವಿಚ್, ಕೋಲ್ಡ್ ಕಾಫಿ. ನಮ್ಮ ವಿಜಯಪುರದಲ್ಲೂ ಈಗ ಅಂಥ ಅಂಗಡಿಗೆ ಬರವಿಲ್ಲ. ಹೆಸರು ಬೇಡ. ಗಾಜಿನ ಬಾಗಿಲು, ಒಳಗೆ ಎಸಿ ಚಳಿ, ಗೋಡೆ ತುಂಬ ಇಂಗ್ಲಿಷ್ ಬುದ್ಧಿಮಾತು, ಬೆನ್ನಿಲ್ಲದ ಎತ್ತರದ ಕುರ್ಚಿ. ನನ್ನ ಮೊಣಕಾಲಿಗೆ ಆ ಕುರ್ಚಿ ಹತ್ತೋದೂ ಒಂದೇ, ಗೋಳಗುಮ್ಮಟ ಹತ್ತೋದೂ ಒಂದೇ. ಹಾಗಾಗಿ ಪಾರ್ಸೆಲ್ ಅಂದೆ.

ಸರದಿಯಲ್ಲಿ ನಿಂತೆ. ಗೋಡೆ ಮೇಲಿನ ಪಟ್ಟಿ ನಾನೇ ಓದಿದೆ. ಎರಡು ಸ್ಯಾಂಡ್‌ವಿಚ್, ಎರಡು ಕಾಫಿ, 430 ರೂಪಾಯಿ. ಪ್ಯಾಕಿಂಗ್ ಅಂತ 20. ಅದರ ಮೇಲೆ ಶೇಕಡಾ 5 ಜಿಎಸ್‌ಟಿ, 22 ರೂಪಾಯಿ 50 ಪೈಸೆ. ಒಟ್ಟು 472.50. ಮಷೀನು ಹೇಳುವ ಮೊದಲೇ ಬಾಯಲ್ಲೇ ಲೆಕ್ಕ ಮಾಡಿಬಿಟ್ಟೆ, ಹಳೇ ಚಟ. ಫೋನ್ ತೆಗೆಯುವಷ್ಟರಲ್ಲಿ ಕೌಂಟರ್ ಹುಡುಗ ಟ್ಯಾಬನ್ನು ನನ್ನ ಕಡೆ ತಿರುಗಿಸಿದ. ಪರದೆ ಮೇಲೆ ಮೂರು ಚೌಕ. 20, 30, 50. ನಡುವಿನ ಮೂವತ್ತಕ್ಕೆ ಮೊದಲೇ ಹಸಿರು ಬಳಿದು ಇಟ್ಟಿದ್ದಾರೆ.

"ಏನಪಾ ಇದು?"

"ಟಿಪ್ಸ್ ರೀ ಸರ್. ಒಂದ್ ಒತ್ತಿಬಿಡ್ರಿ."

ಬೇಡ ಅನ್ನೋ ಬಟನ್ ಕೂಡ ಇತ್ತಂತೆ. ಮೇಲಿನ ಮೂಲೆಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, 'ಸ್ಕಿಪ್' ಅಂತ. ನನಗೆ ಕಾಣಲಿಲ್ಲ. ಹಿಂದೆ ನಾಲ್ಕು ಕಾಲೇಜು ಹುಡುಗರು. ಅವರ ಹಿಂದೆ ನಮ್ಮ ಓಣಿಯವರೇ ಒಬ್ಬರು, ಸಂಸಾರ ಸಮೇತ, ನನ್ನನ್ನು ನೋಡಿ ನಗುತ್ತ ನಿಂತಿದ್ದಾರೆ. ಮೊಮ್ಮಗಳು ಅಂಗಿ ಜಗ್ಗುತ್ತಾಳೆ, "ಅಜ್ಜಾ, ಒತ್ತು ಲಗೂನ." ಒತ್ತಿದೆ. 502 ರೂಪಾಯಿ 50 ಪೈಸೆ.

ಗಮನಿಸಿ, ಆಗಿನ್ನೂ ಬ್ರೆಡ್ಡು ಬಿಸಿಯಾಗಿಲ್ಲ, ಕಾಫಿ ಕಲಸಿಲ್ಲ. ನನಗೆ ಒಂದು ಲೋಟ ನೀರೂ ಯಾರೂ ಕೊಟ್ಟಿಲ್ಲ. ಯಾವ ಸೇವೆ ಮೆಚ್ಚಿ ಕೊಟ್ಟೆ ನಾನು? ಟ್ಯಾಬ್ ತಿರುಗಿಸಿದ್ದಕ್ಕಾ? ಅದು ಚೆನ್ನಾಗಿಯೇ ತಿರುಗಿತು, ಇಲ್ಲ ಅನ್ನಲ್ಲ.

ಆಮೇಲೆ ನಂಬರ್ ಕೂಗಿದರು. ನಾನೇ ಹೋಗಿ ಚೀಲ ತಂದೆ. ಒಂದು ಕಾಫಿಯ ಮುಚ್ಚಳ ಸಡಿಲ, ಮನೆಗೆ ಬರುವಷ್ಟರಲ್ಲಿ ಅರ್ಧ ಕಾಫಿಯನ್ನು ಸ್ಕೂಟರ್ ಡಿಕ್ಕಿ ಕುಡಿದಿತ್ತು.

ಹೊರಡುವ ಮುಂಚೆ ಒಂದು ಮಾತು ಕೇಳಿದೆ, ನನ್ನ ಸ್ವಭಾವ ನಿಮಗೆ ಗೊತ್ತಲ್ಲ. "ತಮ್ಮಾ, ಆ ಮೂವತ್ತು ರೂಪಾಯಿ ನಿನಗ ಬರ್ತದೇನು?" ಹುಡುಗ ಒಮ್ಮೆ ಆ ಕಡೆ ಈ ಕಡೆ ನೋಡಿ ಸಣ್ಣ ದನಿಯಲ್ಲಿ ಹೇಳಿದ, "ಗೊತ್ತಿಲ್ರಿ ಸರ್. ಬಿಲ್ಲಿನ ರೊಕ್ಕದ ಕೂಡನ ಮಾಲಕರ ಅಕೌಂಟಿಗೆ ಹೋಗ್ತದ್ರಿ. ದೀಪಾವಳಿಗೆ ಒಮ್ಮೆ ಏನೋ ಕೊಟ್ಟಿದ್ರು." ಈ ಮಾತಿಗೇ ನನ್ನ ಪಿತ್ತ ನೆತ್ತಿಗೇರಿದ್ದು. ಹುಡುಗನ ಮುಖ ತೋರಿಸಿ ಸಾವುಕಾರ ದುಡ್ಡು ಎತ್ತುತ್ತಾನೆ ಅಂದರೆ ಅದಕ್ಕೆ ಟಿಪ್ಸ್ ಅಂತ ಯಾಕೆ ಅನ್ನಬೇಕು?

ನಮ್ಮ ಕಡೆ ಅಂಗಡಿಗೂ ಗಿರಾಕಿಗೂ ನಡುವೆ ಕೊಸರು ಅಂತ ಒಂದಿದೆ. ಸಂತೆಯಲ್ಲಿ ಬದನೆಕಾಯಿ ತೂಗಿದ ಮೇಲೆ ಇನ್ನೊಂದು ಕಾಯಿ ಚೀಲಕ್ಕೆ ಬೀಳಬೇಕು. ಮೆಣಸಿನಕಾಯಿ ಕೊಂಡರೆ ನಾಲ್ಕು ಎಸಳು ಕರಿಬೇವು. ಹಾಲು ಅಳೆದು ಹಾಕಿದ ಮೇಲೆ ಒಂದು ಗುಟುಕು ಜಾಸ್ತಿ. ಕೊಸರು ಹಾಕದವನ ಹತ್ತಿರ ನಮ್ಮವ್ವ ಮುಂದಿನ ವಾರ ಹೋಗುತ್ತಲೇ ಇರಲಿಲ್ಲ. ಮೇಲೊಂದಿಷ್ಟು ಕೊಡುವುದು ಅಂಗಡಿಯವನ ಕೆಲಸ, ಕೇಳುವುದು ಗಿರಾಕಿಯ ಹಕ್ಕು. ಈಗ ನೋಡಿದರೆ ತಕ್ಕಡಿಯೂ ಅವರದೇ, ಕೊಸರೂ ಅವರಿಗೇ ಬೇಕು.

ಕೌಂಟರ್ ಕೆಲಸದ ಕಷ್ಟ ನನಗೆ ಹೇಳಿಕೊಡಬೇಡಿ. 31 ವರ್ಷ ಬ್ಯಾಂಕಿನ ಕೌಂಟರ್ ಒಳಗೆ ಕೂತವನು ನಾನು. ಹರಿದ ನೋಟು, ಒದ್ದೆ ನೋಟು, ಅಕ್ಕಿ ಡಬ್ಬಿಯಲ್ಲಿಟ್ಟು ಹುಳು ತಿಂದ ನೋಟು ಎಲ್ಲ ಎಣಿಸಿದ್ದೇನೆ. ಪಿಂಚಣಿ ದಿನ ಊಟಕ್ಕೂ ಏಳದೆ ಕೂತಿದ್ದೇನೆ. "ಸಾಹೇಬ್ರ, ಒಂದ್ ಹತ್ತು ರೂಪಾಯಿ ಕೊಟ್ಟು ಹೋಗ್ರಿ" ಅಂತ ಗಾಜಿನ ಮೇಲೆ ನಾನೊಂದು ಚೀಟಿ ಅಂಟಿಸಿದ್ದರೆ ಏನಾಗುತ್ತಿತ್ತು? ಸಂಜೆಯೊಳಗೆ ವಿಜಿಲೆನ್ಸ್‌ನವರು ಬರುತ್ತಿದ್ದರು. ನಾನು ಕೇಳಿದರೆ ಲಂಚ, ಟ್ಯಾಬ್ ಕೇಳಿದರೆ ಟಿಪ್ಸ್. (ಒಬ್ಬ ಅಜ್ಜಿ ಪ್ರತಿ ತಿಂಗಳು ಪಿಂಚಣಿ ಇಸಿದುಕೊಂಡು ಹತ್ತು ರೂಪಾಯಿ ಗಾಜಿನ ಕೆಳಗೆ ತೂರಿಸುತ್ತಿದ್ದಳು. ನಾನು ವಾಪಸ್ ತೂರಿಸುತ್ತಿದ್ದೆ. ಕೊನೆಗೆ ಬೇಸತ್ತು ಒಂದು ಪೊಟ್ಟಣ ಹುರಿದ ಶೇಂಗಾ ತಂದಳು. ಅದನ್ನು ತಿಂದೆ. ಅದು ಯಾವ ಲೆಕ್ಕಕ್ಕೆ ಬರುತ್ತದೆ ಅಂತ ಇವತ್ತಿಗೂ ಗೊತ್ತಿಲ್ಲ.)

ಹಾಗಂತ ನಾನು ಕೈಬಿಗಿ ಮನುಷ್ಯ ಅಲ್ಲ. ಖಾನಾವಳಿಗೆ ಹೋದಾಗ ನೋಡಿ. ಅಲ್ಲಿ ಬಡಿಸುವ ಹುಡುಗ ಮೂರನೇ ರೊಟ್ಟಿ ಮುಗಿಯುವ ಮೊದಲೇ ನಾಲ್ಕನೆಯದು ಹಿಡಿದು ಬಂದಿರುತ್ತಾನೆ. "ಎಣಗಾಯಿ ಹಾಕ್ಲೇನ್ರಿ?" ಅಂತಾನೆ, ಬೇಡ ಅಂದರೂ ಒಂದು ಸೌಟು ಹಾಕುತ್ತಾನೆ. ನಾನು ಮಜ್ಜಿಗೆಗೆ ಉಪ್ಪು ಹಾಕಿಕೊಳ್ಳಲ್ಲ ಅನ್ನೋದು ಅವನ ತಲೆಯಲ್ಲಿರುತ್ತದೆ. ಉಂಡು ಕೈ ತೊಳೆದು ಬಂದಾಗ ಬಡೇಸೋಪಿನ ತಟ್ಟೆಯಲ್ಲಿ ಬಿಲ್ಲು. ಅದರ ಕೆಳಗೆ ಹತ್ತೋ ಇಪ್ಪತ್ತೋ ಇಟ್ಟು ಏಳುತ್ತೇನೆ. ಅವನು ನೋಡಿಯೂ ನೋಡದ ಹಾಗೆ ಇರುತ್ತಾನೆ, ನಾನು ಇಟ್ಟೂ ಇಡದ ಹಾಗೆ. ಟಿಪ್ಸ್‌ನ ಮರ್ಯಾದೆ ಇರೋದೇ ಆ ಕಳ್ಳಾಟದಲ್ಲಿ. ಎಷ್ಟು ಇಟ್ಟೆ ಅಂತ ಹಿಂದಿನ ಟೇಬಲ್ಲಿಗೆ ಗೊತ್ತಾಗಬಾರದು. ಒಳಗೆ ಒಲೆ ಮುಂದೆ ರೊಟ್ಟಿ ಬಡಿಯುವ ಅಕ್ಕನಿಗೆ ಅದರಲ್ಲಿ ಏನೂ ಹೋಗಲ್ಲ ಅನ್ನೋ ಚುಚ್ಚು ಮಾತ್ರ ನನಗಿದೆ.

ಪಾರ್ಸೆಲ್ ಮಾತು ಬಂತು ಅಂತ ನೆನಪಾಯಿತು. ನಾನು ಇಲ್ಲಿ ಕಾಲೇಜು ಓದುವಾಗ ಊಟ ಸಿಂದಗಿ ಕಡೆಯ ನಮ್ಮೂರಿಂದ ಬಸ್ಸಿನಲ್ಲಿ ಬರುತ್ತಿತ್ತು. ಅವ್ವ ನಸುಕಿಗೆ ಎದ್ದು ರೊಟ್ಟಿ ಬಡಿದು ಬಟ್ಟೆಯಲ್ಲಿ ಕಟ್ಟಿ, ಪಲ್ಯದ ಡಬ್ಬಿ ಜೊತೆ ಮೊದಲ ಬಸ್ಸಿಗೆ ಇಡುತ್ತಿದ್ದಳು. ನಾವು ಹುಡುಗರು ಬಸ್ ಸ್ಟ್ಯಾಂಡಿಗೆ ಹೋಗಿ ಅವರವರ ಡಬ್ಬಿ ಹುಡುಕಿಕೊಳ್ಳುತ್ತಿದ್ದೆವು. ಈ ಕಡೆಯ ಎಷ್ಟೋ ಜನ ಹಾಗೇ ಓದಿದವರು, ನಿಮ್ಮಲ್ಲೂ ಅರ್ಧ ಜನ ಇದ್ದೀರಿ. ಡ್ರೈವರ್ ಒಮ್ಮೆಯೂ ಪ್ಯಾಕಿಂಗ್ ಚಾರ್ಜ್ ಕೇಳಲಿಲ್ಲ. ಎಳ್ಳ ಅಮಾವಾಸ್ಯೆಗೆ ಮಾತ್ರ ಅವ್ವ ಎರಡು ಗಂಟು ಕಟ್ಟುತ್ತಿದ್ದಳು. ಒಂದು ನನಗೆ, ಇನ್ನೊಂದು ಡ್ರೈವರ್, ಕಂಡಕ್ಟರ್‌ಗೆ. ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ. ಅವರ ಗಂಟೇ ದೊಡ್ಡದಿರುತ್ತಿತ್ತು ಅಂತ ನನಗೆ ಹೊಟ್ಟೆಕಿಚ್ಚು.

ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. ಮೊನ್ನೆ ಫೋನಿನಲ್ಲಿ ಇದನ್ನೇ ಹೇಳಿದರೆ ನಕ್ಕ. "ಕಾಕಾ, ಇಲ್ಲಿ ಹೋಟೆಲ್‌ನಾಗ ಶೇಕಡಾ 20 ಇಡಬೇಕು, ನೀವು ಮೂವತ್ತು ರೂಪಾಯಿಗೆ ಅಳ್ತೀರಿ." ಅಲ್ಲಪ್ಪಾ, ಅಲ್ಲಿಯ ಕಥೆಯೇ ಬೇರೆ. ಟಿಪ್ಸ್ ಬರುವ ಕೆಲಸದವರಿಗೆ ಅಲ್ಲಿ ಕೇಂದ್ರ ಕಾನೂನಿನ ಪ್ರಕಾರ ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅದು ಅಲ್ಲಾಡಿಲ್ಲ. ಉಳಿದವರಿಗೆ ಅದೇ ಕಾನೂನು 7.25 ಡಾಲರ್ ಅನ್ನುತ್ತದೆ. ನಡುವಿನ ಹಳ್ಳವನ್ನು ಗಿರಾಕಿಯ ಟಿಪ್ಸ್ ತುಂಬಬೇಕು, ತುಂಬದಿದ್ದರೆ ಮಾಲೀಕ. ಜಾಸ್ತಿ ಕೊಡಿಸುವ ರಾಜ್ಯಗಳೂ ಇವೆ, ಇರಲಿ. ನಮ್ಮಲ್ಲಿ ಹೋಟೆಲ್ ಕೆಲಸಕ್ಕೆ ಸರ್ಕಾರ ಕನಿಷ್ಠ ಕೂಲಿ ಗೊತ್ತು ಮಾಡುತ್ತದೆ. ಟಿಪ್ಸ್ ಬರುತ್ತಲ್ಲ ಅಂತ ಅದರಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ಅಲ್ಲಿಯ ಕೂಲಿಯ ರೋಗಕ್ಕೆ ಮಾಡಿದ ಔಷಧಿಯನ್ನು ಇಲ್ಲಿಯ ಸಾವುಕಾರ ಸುಮ್ನೆ ಟಾನಿಕ್ ಅಂತ ಕುಡಿಯುತ್ತಿದ್ದಾನೆ. ಕೌಂಟರ್‌ನಲ್ಲಿ ಪರದೆ ತಿರುಗಿಸೋದಕ್ಕೆ ಅಮೆರಿಕದ ಜನರೂ ಗೊಣಗುತ್ತಾರೆ ಅಂತ ಕೊನೆಗೆ ಅವನೇ ಒಪ್ಪಿಕೊಂಡ.

ಸಿಟ್ಟಿಗೆ ರಾತ್ರಿ ಕೂತು ನಿಯಮಗಳನ್ನೂ ಓದಿದೆ. ನಿವೃತ್ತರಿಗೆ ಇನ್ನೇನು ಕೆಲಸ. ಸರ್ವಿಸ್ ಚಾರ್ಜನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಹೇಳಿದೆ. ಹೋಟೆಲ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ಕೋರ್ಟು ಆ ನಿಯಮಗಳನ್ನು ಎತ್ತಿಹಿಡಿಯಿತು. ಬಲವಂತ ಮಾಡಿದರೆ ದೂರು ಕೊಡಲು 1915 ಅಂತ ಸಹಾಯವಾಣಿ ಇದೆ. ಟ್ಯಾಕ್ಸಿ ಆ್ಯಪ್‌ಗಳು ಗಾಡಿ ಬರುವ ಮೊದಲೇ ಟಿಪ್ಸ್ ಕೇಳಲು ಶುರು ಮಾಡಿದಾಗ, ಗ್ರಾಹಕ ವ್ಯವಹಾರ ಸಚಿವ, ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿಯವರೇ 2025ರ ಮೇ ತಿಂಗಳಲ್ಲಿ ಅದನ್ನು ತಪ್ಪು ಅಂದಿದ್ದರು. ಸೇವೆ ಆದ ಮೇಲೆ ಮೆಚ್ಚಿ ಕೊಡೋದು ಟಿಪ್ಸ್, ಹಕ್ಕಲ್ಲ ಅಂತ. ಸರಿ. ಆದರೆ ಹಸಿರು ಬಳಿದ ಚೌಕಕ್ಕೆ ಯಾವ ನಿಯಮ ಹಚ್ಚೋದು? ಅದು ಬಲವಂತ ಮಾಡಲ್ಲ. ಹಿಂದೆ ನಾಲ್ಕು ಜನ ನಿಲ್ಲುವವರೆಗೆ ಕಾಯುತ್ತದೆ ಅಷ್ಟೆ.

ಒಂದು ಮಾತು ಬರುತ್ತದೆ, ನೀವು ಕಾಮೆಂಟ್ ಹಾಕುವ ಮೊದಲು ನಾನೇ ಹೇಳುತ್ತೇನೆ. ಯುಪಿಐ ಬಂದ ಮೇಲೆ ಕಿಸೆಯಲ್ಲಿ ಚಿಲ್ಲರೆ ಇಲ್ಲ, ಬಡೇಸೋಪಿನ ತಟ್ಟೆ ಖಾಲಿ, ಹುಡುಗರಿಗೆ ಮೊದಲು ಬರುತ್ತಿದ್ದದ್ದೂ ಈಗ ಬರುತ್ತಿಲ್ಲ. ನಿಜ. ಹಾಗಾದರೆ ಆ ಹುಡುಗನದ್ದೇ ಒಂದು ಕ್ಯೂಆರ್ ಇಡಿ. ಊಟ ಆದ ಮೇಲೆ, ಬಾಗಿಲ ಹತ್ತಿರ, ಯಾರಿಗೂ ಕಾಣದ ಹಾಗೆ. ಇಡಲ್ಲ. ಯಾಕೆ ಇಡಲ್ಲ ಅಂತ ನಾನು ಹೇಳಬೇಕಾ?

ಇಷ್ಟೆಲ್ಲ ಬರೆದವನು ಇದನ್ನೂ ಬರೆಯಬೇಕು. ಕಳೆದ ಏಪ್ರಿಲ್‌ನಲ್ಲಿ, ಮಟಮಟ ಮಧ್ಯಾಹ್ನ, ಒಬ್ಬ ಹುಡುಗ ನಮ್ಮ ಮನೆಗೆ ಊಟ ತಂದ. ನಮ್ಮೂರ ಏಪ್ರಿಲ್ ಬಿಸಿಲು ನಿಮಗೆ ಗೊತ್ತು. ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದ, ಕಣ್ಣು ಕೆಂಪಾಗಿತ್ತು. ನಾನು ಚೀಲ ಬಿಚ್ಚಿ ಎಲ್ಲ ಸರಿ ಇದೆಯಾ ಅಂತ ಎಣಿಸಿ ಬಾಗಿಲು ಹಾಕಿಕೊಂಡೆ. ನೀರು ಬೇಕಾ ಅಂತ ಕೂಡ ಕೇಳಲಿಲ್ಲ. ಆಮೇಲೆ ಆ್ಯಪ್ ಟಿಪ್ಸ್ ಕೇಳಿತು. ಅಲ್ಲಿ ಸ್ಕಿಪ್ ಬಟನ್ ನನಗೆ ತಕ್ಷಣ ಕಂಡಿತ್ತು. ಹಿಂದೆ ಯಾರೂ ನಿಂತಿರಲಿಲ್ಲವಲ್ಲ.

ನಿನ್ನೆ ಸಂಜೆ ಬಾಯಿ ಕೆಟ್ಟು ಮಿರ್ಚಿ ಗಾಡಿಗೆ ಹೋದೆ. ಗಿರಮಿಟ್ ಕಟ್ಟಿಸಿಕೊಂಡೆ, ನಾಲ್ಕು ಮಿರ್ಚಿ. ಗಾಡಿಯ ಅಕ್ಕ ಐದು ರೂಪಾಯಿ ಚಿಲ್ಲರೆ ಹುಡುಕುತ್ತಿದ್ದಳು. "ಇರ್ಲಿ ಬಿಡಬೇ" ಅಂದೆ. ನನ್ನ ಮುಖ ನೋಡಿದಳು, ಇನ್ನೊಂದು ಮಿರ್ಚಿ ಕಾಗದಕ್ಕೆ ಹಾಕಿ ಮಡಚಿದಳು. ಮನೆಯಲ್ಲಿ ಐದೂ ನಾನೇ ತಿಂದೆ. "ಡಾಕ್ಟರ್ ಎಣ್ಣಿ ಬ್ಯಾಡಂದಾರ, ನೆನಪದ ಏನು?" ಅಂತ ಮನೆಯಾಕೆ.

ಭಾನುವಾರ ಮತ್ತೆ ಆ ಗಾಜಿನ ಅಂಗಡಿಗೇ ಹೋಗಬೇಕಂತೆ, ಮೊಮ್ಮಗಳ ಅಪ್ಪಣೆ. ಸ್ಕಿಪ್ ಬಟನ್ ಬಲಗಡೆ ಮೇಲಿನ ಮೂಲೆಯಲ್ಲಿದೆ, ಅವಳಿಂದಲೇ ಕೇಳಿ ತಿಳಿದುಕೊಂಡಿದ್ದೇನೆ. ಓದುವ ಕನ್ನಡಕವನ್ನೂ ಕಿಸೆಗೆ ಹಾಕಿಕೊಂಡು ಹೋಗುತ್ತೇನೆ. ನಮ್ಮ ಓಣಿಯವರು ಯಾರಾದರೂ ಆ ಹೊತ್ತಿಗೆ ಅಲ್ಲಿಗೆ ಬರುವವರಿದ್ದರೆ ದಯವಿಟ್ಟು ಸ್ವಲ್ಪ ತಡವಾಗಿ ಬನ್ನಿ.